ಮರುಗುವ ನೀರು

“ಆ ಮಾತು ಇನ್ನ ಮ್ಯಾಲ ಯಾರೂ ಅನಬಾರದಂತ, ಸಂಕವ್ವಾ,” ಎಂದ ದುಂಡಪ್ಪ, ಹೆಗಲಿನ ಡಂಗುರದ ಹಲಗೆಯನ್ನು ನನ್ನ ಚಾದಂಗಡಿಯ ಕಟ್ಟೆಗೆ ಒರಗಿಸುತ್ತ.

“ಯಾವ ಮಾತೋ?”

“ಅದ, ಮರುಕ ಅನ್ನೂ ಮಾತು. ಬಾಳವ್ವನ ಹೆಸರಿನ ಜೋಡಿ ಅದನ್ನ ಕೂಡಿಸಿ ಅನಬಾರದು. ಗೌಡ್ರ ಅಪ್ಪಣಿ.”

“ಈಗ ನೀನ ಕೂಡಿಸಿದ್ಯಲ್ಲೋ.”

“ನಾ ಡಂಗುರದವ. ನಾ ಅಂದದ್ದು ನಾ ಅಂದಂಗಲ್ಲ.” ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಮೊಣಕಾಲು ಉಜ್ಜಿಕೊಂಡ. “ಚಾ ಹಾಕವ್ವಾ. ಊರತುಂಬ ಒದರಿ ಗಂಟಲು ಒಣಗೇತಿ. ಈ ಮೊಣಕಾಲು ಬ್ಯಾರೆ ನಿದ್ದಿ ಕೊಡವಲ್ದು.”

ನಾನು ಕೆಟ್ಲಿ ಮುಟ್ಟಿ ನೋಡಿದೆ. ತಣ್ಣಗಿತ್ತು. ದುಂಡಪ್ಪನ ಮೊಣಕಾಲಿಗೆ ಮೊದಮೊದಲು ಅದು ಮುಚ್ಚಳ ಹಾರಿಸಿ ಉಕ್ಕುತ್ತಿತ್ತು. ಅದೇ ಮೊಣಕಾಲಿನ ಪುರಾಣ ಕೇಳಿ ಕೇಳಿ ಈಗೀಗ ಉಗುರುಬೆಚ್ಚಗಾದರೆ ಅದೇ ಹೆಚ್ಚು.

“ಹೊಸಾದೇನರ ಹೇಳೋ ಮಾರಾಯಾ. ಇದಕ್ಕ ಬೆಲ್ಲನೂ ಕರಗೂದಿಲ್ಲ.”

ಅವನು ಹಲಗೆಯನ್ನು ಇನ್ನಷ್ಟು ದೂರ ಸರಿಸಿದ. “ಬಾಳವ್ವ ಬಾಗಲಾಗ ಕುಂತಿದ್ಲು. ಅಕಿ ಮನಿ ಮುಂದ ನಿಂತು, ಅಕಿ ಮಾರಿ ನೋಡಿಕೋತನ, ಅಕಿ ಹೆಸರು ಹಿಡದು ಬಾರಿಸಿದೆ. ಮುಗದ ಮ್ಯಾಲ, ‘ದುಂಡಣ್ಣಾ, ಒಂದಿಷ್ಟು ನೀರು ಕುಡೀತಿಯೇನು’ ಅಂದ್ಲು.”

ಕೆಟ್ಲಿ ಗುಂಯ್ ಎಂದಿತು. ಇಬ್ಬರೂ ಅದರ ಕಡೆ ನೋಡಲಿಲ್ಲ. ಚಾ ಸೋಸಿ ಕೊಟ್ಟೆ, ಬಸಿಗೆ ಸುರುವಿಕೊಂಡು ಕುಡಿದ, ಹಲಗೆ ಎತ್ತಿಕೊಂಡು ಹೋದ.

ನಮ್ಮೂರಲ್ಲಿ ಒಲೆಗೆ ಕಟ್ಟಿಗೆ ಇಡುವುದಿಲ್ಲ. ಗಡಿಗೆಗೆ ನೀರು ಹಾಕಿ, ಅಕ್ಕಿ ಹಾಕಿ, ಮುಂದೆ ಕೂಡುತ್ತೇವೆ. ಕೂತವರು ಇನ್ನೊಬ್ಬರಿಗಾಗಿ ಮರುಗಿದರೆ ಗಡಿಗೆಯ ನೀರೂ ಮರುಗುತ್ತದೆ. ಬಾಯಲ್ಲಿ “ಅಯ್ಯೋ ಪಾಪ” ಎಂದರೆ ಏನೂ ಆಗುವುದಿಲ್ಲ. ಆ ಮಾತಿಗೆ ಬೆಕ್ಕಿನ ಹಾಲೂ ಬೆಚ್ಚಗಾಗದು. ತನ್ನ ದುಃಖಕ್ಕೆ ತಾನು ಅತ್ತರಂತೂ ಇದ್ದ ಬಿಸಿಯೂ ಇಳಿದುಹೋಗುತ್ತದೆ. ಹಾಗಾಗಿ ಸಾವಾದ ಮನೆಯ ಒಲೆ ತಣ್ಣಗಿರುತ್ತದೆ, ನೆರೆಮನೆಯದು ಕುದಿಯುತ್ತದೆ, ಅನ್ನದ ತಪ್ಪೇಲಿ ಗೋಡೆ ದಾಟುತ್ತದೆ. ಇದಕ್ಕೆ ತಕ್ಕಂತೆ ನಮ್ಮ ರೀತಿ ರಿವಾಜುಗಳೂ ಬೆಳೆದಿವೆ. ಹೆಣ್ಣು ನೋಡಲು ಹೋದವರು ಹುಡುಗಿಗೆ ಹಾಡು ಹೇಳು ಎನ್ನುವುದಿಲ್ಲ. ಒಲೆಯ ಮುಂದೆ ಕೂಡಿಸಿ ತಮ್ಮದೊಂದು ಕಷ್ಟ ಹೇಳುತ್ತಾರೆ. ಹಬ್ಬದ ಹಿಂದಿನ ದಿನ ಹೋಳಿಗೆಗೆ ಬೇಳೆ ಬೇಯಬೇಕಲ್ಲ, ಹೆಂಗಸರು ಓಣಿಯ ಅತ್ಯಂತ ನೊಂದ ಮುದುಕಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಆ ಮುದುಕಿಗೂ ಅದೊಂದು ದೊಡ್ಡಸ್ತಿಕೆ. ನನ್ನ ಅಂಗಡಿಯಲ್ಲಿ ಚಾ ಬೇಕಾದವರು ತಮ್ಮ ಕತೆ ತರಬೇಕು. ನನಗೆ ಜನರ ಮಾತೆಂದರೆ ಜೀವ. ಶಾಲೆಗೆ ಹೋದವಳಲ್ಲ, ಚಾಪುಡಿ ಕಟ್ಟಿ ತಂದ ಕಾಗದ ಓದಿ ಅಕ್ಷರ ಕಲಿತೆ, ಮಿಕ್ಕಿದ್ದನ್ನು ಈ ಕಟ್ಟೆಯ ಮೇಲೆ ಕೂತವರ ಬಾಯಿಂದ ಕಲಿತೆ.

ಮರುಕ ಎಂಬ ಮಾತು ಎಲ್ಲಿಂದ ಬಂತು ಎಂಬುದೂ ಈ ಕಟ್ಟೆಯ ಹಳೆಯ ಜಗಳ. ಕುರಿಯವರು ಅದು ಮರಿಯಿಂದ ಬಂತು ಎನ್ನುತ್ತಾರೆ, ತಾಯಿಕುರಿ ಮರಿಯ ಕಡೆ ತಿರುಗುವಂತೆ ಮನಸ್ಸು ತಿರುಗುವುದು. ಒಬ್ಬ ಬಳೆಗಾರ ಬಂದಾಗ, ಮತ್ತೆ ಮತ್ತೆ, ಮರಳಿ ಮರಳಿ ನೆನೆಸುವುದೇ ಮರುಕ ಎಂದು ಹೇಳಿ ಚಾ ಕುಡಿದು ಹೋದ. ನಮ್ಮ ಶಾಲೆಯ ಗುರುಶಾಂತ ಮಾಸ್ತರರು ಮಾತ್ರ ಬೆರಳು ಎತ್ತಿ, “ಅನುಕಂಪ ಅಂದ್ರ ಒಬ್ಬರ ಜೋಡಿ ತಾನೂ ನಡುಗೂದು. ಕನಿಕರ ಅಂದ್ರ ಹಣ್ಣಿನಂಗ ಮೆತ್ತಗಾಗೂದು. ಮರುಕ ಅಂದ್ರ ಒಬ್ಬರ ಜೋಡಿ ತಾನೂ ಕುದಿಯೂದು. ಹಾಲು ಮರುಗಿತು ಅಂತೀವೆಲ್ಲ, ಆ ಮರುಗೂದ ಇದು,” ಎನ್ನುತ್ತಿದ್ದರು. ಹಾಗೆ ಹೇಳಿ, ನಿಜವಾದ ಕಷ್ಟವೇನೂ ಇಲ್ಲದ ಮನುಷ್ಯರಾದ್ದರಿಂದ, ನಾಚಿಕೊಂಡು ತಣ್ಣನೆಯ ಚಾ ಕುಡಿಯುತ್ತಿದ್ದರು. ನನ್ನ ಅಜ್ಜಿಗೆ ಕೇಳಿದರೆ, “ಮೊದಲ ಗಡಿಗಿ ಕುದೀತು, ಆಮ್ಯಾಲ ಅದಕ್ಕೊಂದು ಹೆಸರು ಇಟ್ರು,” ಅಂತಿದ್ದಳು. ನನಗೆ ಎಲ್ಲವೂ ನಿಜ ಅನಿಸುತ್ತದೆ. ಎಲ್ಲದರಲ್ಲೂ ಇನ್ನೊಬ್ಬರು ಇದ್ದಾರಲ್ಲ.

ಬಾಳವ್ವನ ವಿಷಯಕ್ಕೆ ಬರುತ್ತೇನೆ. ಅವಳು ನನ್ನ ಅಂಗಡಿಯ ಪಕ್ಕದ ಮನೆಯವಳು, ಹಿಂದೆ ಮುಂದೆ ಯಾರೂ ಇಲ್ಲದ ಹೆಣ್ಣು. ಅಡಿವೆಪ್ಪ ಗೌಡರ ಮನೆಯಲ್ಲಿ ಅಡಿಗೆಗೆ ಇದ್ದಳು. ಗೌಡರು ಎಂದರೆ ಕೆರೆಯ ತೂಬಿನ ಕೀಲಿ ಸೊಂಟದಲ್ಲಿ ಇಟ್ಟುಕೊಂಡವರು. ಅವರು ಬಿಟ್ಟರೆ ಊರಿಗೆ ನೀರು, ಇಲ್ಲವಾದರೆ ಇಲ್ಲ. ಅವರ ಮನೆಯ ಊಟವನ್ನು ಊರೇ ಹೊಗಳುತ್ತಿತ್ತು. ಅಂಥ ಬಿಸಿಬಿಸಿ ಅನ್ನ, ಅಂಥ ಕುದ್ದ ಸಾರು, ಗೌಡರ ಅಂತಃಕರಣ ಎಷ್ಟು ದೊಡ್ಡದಿರಬೇಕು ಎಂದು. ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಯಾರೋ ಹಾಗೇ ಹೊಗಳಿದಾಗ ಬಾಳವ್ವ ನಕ್ಕು, “ನಾ ಅಜ್ಜಿ ಮಾರಿ ನೋಡಿಕೋತ ಒಲಿ ಮುಂದ ಕುಂತ್ರ ಕುದೀತೈತಿ. ಗೌಡ್ರು ಕುಂತ್ರ ನೀರಿಗೆ ಚಳಿ ಹತ್ತತೈತಿ,” ಎಂದಳು. ಅಜ್ಜಿ ಎಂದರೆ ಗೌಡರ ಹೆತ್ತ ತಾಯಿ. ಬಾಯಲ್ಲಿ ಹಲ್ಲಿಲ್ಲ, ಗಂಜಿಯೇ ಗತಿ. ಮಗ ಅವಳ ಕೋಣೆಯ ಕಡೆ ಬಾರದೆ ಎಷ್ಟೋ ಕಾಲವಾಗಿತ್ತು. ಒಗೆಯುವ ಕಲ್ಲಿನ ಮೇಲಿನ ನಗು ಸಂಜೆಯೊಳಗೆ ಗೌಡರ ಪಡಸಾಲೆ ಮುಟ್ಟಿತು.

ಅವಳನ್ನು ಕೆಲಸದಿಂದ ಬಿಡಿಸಿದರು. ಅಷ್ಟೇ ಆಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಅಂದಿನಿಂದ ಗೌಡರ ಮನೆಯಲ್ಲಿ ನೆನೆಸಿದ ಅವಲಕ್ಕಿ ತಿನ್ನುತ್ತಿದ್ದಾರೆ ಎಂಬ ಸುದ್ದಿಯೂ ಹಬ್ಬಿತು, ಬಾಳವ್ವನ ನೆರೆಹೊರೆಯ ಮನೆಗಳಲ್ಲಿ ಮಾತ್ರ ಹೊತ್ತಿಲ್ಲದ ಹೊತ್ತಿನಲ್ಲಿ ಗಡಿಗೆಗಳು ಉಕ್ಕತೊಡಗಿದವು. ಗೌಡರಿಗೆ ಅದನ್ನು ಸಹಿಸಲಾಗಲಿಲ್ಲ. ಹೀಗಾಗಿ ದುಂಡಪ್ಪನ ಹಲಗೆ. ಬಾಳವ್ವನಿಗಾಗಿ ಯಾರೂ ಮರುಗಬಾರದು. ನಾಳೆ ಬೆಳಿಗ್ಗೆ ಮನೆಗೊಬ್ಬರು ತಣ್ಣೀರು ತುಂಬಿದ ಗಡಿಗೆ ತಂದು ಚಾವಡಿಯ ಮುಂದೆ ಕೂಡಬೇಕು. ನಡುವೆ ಬಾಳವ್ವನನ್ನು ಕೂಡಿಸಲಾಗುವುದು. ಎಲ್ಲ ಗಡಿಗೆ ತಣ್ಣಗಿದ್ದರೆ ಅವಳಿಗೆ ಊರಲ್ಲಿ ಯಾರೂ ಇಲ್ಲ ಎಂದಾಯಿತು, ಒಬ್ಬಳೇ ಊರು ಬಿಡಬೇಕು. ಯಾರ ಗಡಿಗೆ ಬಿಸಿಯಾಗುವುದೋ ಅವರೂ ಅವಳ ಬೆನ್ನ ಹಿಂದೆ ಬಿಡಬೇಕು.

ಆ ಸಂಜೆ ನಮ್ಮ ಓಣಿಯನ್ನು ನೀವು ನೋಡಬೇಕಿತ್ತು. ಎಲ್ಲರಿಗೂ ಒಂದೇ ಉಪಾಯ ಹೊಳೆದಿತ್ತು. ತನ್ನ ದುಃಖ ನೆನೆದರೆ ನೀರು ತಣ್ಣಗಾಗುತ್ತದಲ್ಲ, ಸರಿ, ಮನೆಮನೆಯಲ್ಲೂ ಗಂಡಸರು ಹೆಂಗಸರು ಒಲೆಯ ಮುಂದೆ ಕೂತು ತಂತಮ್ಮ ಹಣೆಬರಹ ತಾಲೀಮು ಮಾಡುತ್ತಿದ್ದರು. ಕಮ್ಮಾರ ಸತ್ತ ಎತ್ತನ್ನು ನೆನೆಯುತ್ತಿದ್ದ. ಹೂವಿನವಳು ತವರಿಗೆ ಕರೆಯದ ಅಣ್ಣನನ್ನು ಬೈಯುತ್ತಿದ್ದಳು. ಒಬ್ಬನಿಗೆ ಹೇಳಿಕೊಳ್ಳುವಂಥ ದುಃಖವೇ ಸಿಗದೆ ಹೆಂಡತಿಗೆ ಕೇಳುತ್ತಿದ್ದ: “ನನಗೇನರ ಆಗಿತ್ತೇನ?” “ನನ್ನ ಕಟ್ಕೊಂಡಿಯಲ್ಲ, ಅದನ್ನ ನೆನಸ್ಕೋ,” ಎಂದಳು ಅವಳು.

ನಾನು ಬಾಳವ್ವನ ಮನೆಗೆ ಹೋದೆ. ಒಂದು ಗಂಟು ಕಟ್ಟಿ ಇಟ್ಟುಕೊಂಡು ಗೋಡೆಗೆ ಆತು ಕೂತಿದ್ದಳು.

“ಸಂಕಕ್ಕಾ, ನೀ ನಾಳೆ ನನ್ನ ಮಾರಿ ನೋಡಬ್ಯಾಡ,” ಎಂದಳು. “ನಿನ್ನ ಕೆಟ್ಲಿ ನನಗ ಗೊತ್ತೈತಿ. ನಾಯಿ ಕುಂಟಿದ್ರ ಉಕ್ಕತೈತಿ.”

“ಅದಕ್ಕೇನು ಮಾಡ್ಲಿ?”

“ನಿನ್ನ ಗಂಡ ಬಿಟ್ಟು ಹೋದದ್ದು ನೆನಸ್ಕೋ.”

“ಅಂವ ಹೋದದ್ದಕ್ಕ ನನಗ ದುಃಖ ಆಗಿದ್ರ ಅಲ್ಲೇನ ನೆನಸೂದು?”

ಅವಳಿಗೆ ನಗು ಬಂತು. ನಕ್ಕವಳು ಹಾಗೇ ಮುಖ ಮುಚ್ಚಿಕೊಂಡಳು. “ಚಾದಂಗಡಿ ಬಿಟ್ಟು ಎಲ್ಲಿಗೆ ಹೋಗ್ತೀಯಕ್ಕಾ. ನಾ ಒಬ್ಬಾಕಿ ಹೋಗ್ತೀನಿ. ನನ್ನ ಸಲುವಾಗಿ ನೀವು ಯಾರೂ ಬ್ಯಾಡ.”

“ಅದನ್ನ ಹೇಳಾಕ ನೀ ಯಾರು? ಗೌಡ ಒಬ್ಬಂವ ಬ್ಯಾಡ ಅನ್ನೂದು, ನೀ ಒಬ್ಬಾಕಿ ಬ್ಯಾಡ ಅನ್ನೂದು. ಕೆಟ್ಲಿ ನಂದು.”

ಮನೆಗೆ ಬಂದು ಚಾಪುಡಿಯ ಡಬ್ಬಿ ತೆಗೆದೆ, ಬೆಲ್ಲ ಕುಟ್ಟಿದೆ, ಶುಂಠಿ ಜಜ್ಜಿ ಇಟ್ಟೆ.

ಬೆಳಿಗ್ಗೆ ಚಾವಡಿಯ ಮುಂದೆ ಊರಿಗೆ ಊರೇ ಸುತ್ತುಗಟ್ಟಿ ಕೂತಿತ್ತು. ಪ್ರತಿಯೊಬ್ಬರ ಮುಂದೆ ಒಂದು ಗಡಿಗೆ, ತಂಬಿಗೆ, ಚರಿಗೆ, ಏನೋ ಒಂದು. ನಡುವೆ ಬಾಳವ್ವ, ತೊಡೆಯ ಮೇಲೆ ಗಂಟು. ಗೌಡರು ಮೆಟ್ಟಿಲ ಮೇಲೆ ಗಾದಿ ಹಾಕಿಸಿಕೊಂಡು, “ನಂದೂ ಒಂದು ಇಡ್ರಿ. ನ್ಯಾಯ ಎಲ್ಲಾರಿಗೂ ಒಂದ,” ಎಂದು ತಮ್ಮ ಮುಂದೆಯೂ ಒಂದು ತಾಮ್ರದ ಕೊಡ ಇಡಿಸಿದ್ದರು. ನಾನು ಕೆಟ್ಲಿ ಹಿಡಿದು ಬಂದೆ. ತಪಾಸಣೆಗೆ ನಿಂತ ದುಂಡಪ್ಪ ಮುಚ್ಚಳ ಎತ್ತಿ ನೋಡಿ ಗಾಬರಿಯಾದ.

“ಸಂಕವ್ವಾ, ಇದರಾಗ ಹಾಲೈತಿ. ಚಾಪುಡಿನೂ ಐತಿ.”

“ಬರೇ ನೀರು ಕುದಿಸಿ ಏನು ಮಾಡ್ಲಿ? ಹೆಂಗೂ ಕುದಿಯೂದ ಐತಿ.”

“ಮೆಲ್ಲಗ ಅನ್ನವ್ವಾ,” ಎಂದು ಅವನೇ ಮುಚ್ಚಳ ಮುಚ್ಚಿದ. ನಾನು ಎಲ್ಲರಿಗಿಂತ ಮುಂದೆ, ಬಾಳವ್ವನ ಎದುರಿಗೇ ಹೋಗಿ ಕೂತೆ, ಕೆಟ್ಲಿಯ ಪಕ್ಕ ಕಪ್-ಬಸಿ ಇಟ್ಟೆ.

ಗೌಡರು ಮಾಸ್ತರರಿಗೆ ಕಣ್ಣು ಸನ್ನೆ ಮಾಡಿದರು. ಗುರುಶಾಂತ ಮಾಸ್ತರರು ತಮ್ಮ ತಂಬಿಗೆಯನ್ನು ಹಿಂದೆ ಬಿಟ್ಟು ಎದ್ದು ನಿಂತು, ಯಾರ ಮುಖವನ್ನೂ ನೋಡದೆ ಹೇಳಿದರು: “ಮರುಕ ಅನ್ನೂ ಶಬ್ದದ ಮೂಲ ಅರ್ಥ, ಮ್ಯಾಲಿನವರು ಕೆಳಗಿನವರಿಗೆ ಕೊಡೂ ಅಪ್ಪಣಿ. ಮ್ಯಾಲಿನವರು ಕೊಡದ ಇದ್ರ, ಕೆಳಗಿನವರು ತಮ್ಮತಮ್ಮೊಳಗ ಕೊಟ್ಕೊಳ್ಳೂದು ಆ ಶಬ್ದಕ್ಕ ವಿರುದ್ಧ.” ನಾನು ನೋಡಿದ್ದು ಅವರನ್ನಲ್ಲ, ಅವರು ಹಿಂದೆ ಬಿಟ್ಟ ತಂಬಿಗೆಯನ್ನು. ಅದರ ಬಾಯಲ್ಲಿ ತೆಳ್ಳಗೆ ಹಬೆ ಕಟ್ಟಿತ್ತು. ಅವರು ವಾಪಸ್ಸು ಕೂತವರು ಅದರ ಮೇಲೆ ಟೋಪಿ ಮುಚ್ಚಿದರು.

“ಹೂಂ, ಸುರು ಮಾಡ್ರಿ,” ಎಂದರು ಗೌಡರು.

ಎಲ್ಲರೂ ತಲೆ ತಗ್ಗಿಸಿ ತಂತಮ್ಮ ಹಣೆಬರಹ ಗೊಣಗತೊಡಗಿದರು. ಮೊದಲು ಮನಸ್ಸಿನಲ್ಲೇ. ಆಮೇಲೆ ಭಯಕ್ಕೆ ಧ್ವನಿ ಹೊರಗೆ ಬಂತು. ಮನೆಯಲ್ಲಿ ಒಬ್ಬೊಬ್ಬರೇ ತಾಲೀಮು ಮಾಡಿದ್ದರಲ್ಲ, ಇಲ್ಲಿ ಪಕ್ಕದಲ್ಲಿ ಇನ್ನೊಬ್ಬರು ಇರುತ್ತಾರೆ ಎಂಬುದನ್ನೇ ಮರೆತಿದ್ದರು. ಕಮ್ಮಾರ, “ಕಣ್ಣು ಮುಚ್ಚೂತನಕ ನನ್ನ ಕೈ ನೆಕ್ಕಿತಪ್ಪಾ ಆ ಎತ್ತು,” ಎಂದ. ಪಕ್ಕದ ಹೂವಿನವಳು ತನ್ನ ಅಣ್ಣನನ್ನು ಬಿಟ್ಟು ಇವನ ಕಡೆ ತಿರುಗಿದಳು. “ಹೌದೇನೋ ಯಪ್ಪಾ, ಇಷ್ಟು ದಿನ ಹೇಳಲಿಲ್ಲಲ್ಲೋ.” ಅವಳ ಚರಿಗೆ ಸಿಳ್ಳೆ ಹಾಕಿತು. ಅವಳು ಹೆದರಿ ತನ್ನ ಅಣ್ಣನ ಕತೆ ಗಟ್ಟಿಯಾಗಿ ಹೇಳತೊಡಗಿದಳು. ಕಮ್ಮಾರನ ಗಡಿಗೆ ಕೊತಕೊತ ಎಂದಿತು. ದುಃಖ ಸಿಗದೇ ಇದ್ದವನು ಪಕ್ಕದವರದೆಲ್ಲ ಕೇಳಿ, ಸುತ್ತಮುತ್ತ ಯಾರೂ ಕುದಿಸದಷ್ಟು ಜೋರಾಗಿ ತನ್ನ ನೀರು ಕುದಿಸಿಬಿಟ್ಟ. ನೋಡನೋಡುತ್ತ ಸುತ್ತಿನ ತುಂಬ ಮುಚ್ಚಳಗಳು ಕುಣಿಯತೊಡಗಿದವು. ಒಬ್ಬರೂ ಇನ್ನೂ ಬಾಳವ್ವನ ಮುಖ ನೋಡಿರಲಿಲ್ಲ.

ನನ್ನದೊಂದು ಮಾತ್ರ ಅದಕ್ಕಿಂತ ಮೊದಲೇ ಉಕ್ಕಿತ್ತು. ಕೂತಾಗಿನಿಂದ ನಾನು ಮತ್ತೆ ಮತ್ತೆ ಬಾಳವ್ವನ ಮುಖವನ್ನೇ ನೋಡುತ್ತಿದ್ದೆ. ಅವಳು ಬೇಡ ಬೇಡ ಎಂದು ತಲೆ ಆಡಿಸುತ್ತಲೇ ಇದ್ದಳು.

“ದುಂಡ್ಯಾ, ಮುಟ್ಟಿ ಹೇಳು,” ಎಂದರು ಗೌಡರು.

ದುಂಡಪ್ಪ ಕಮ್ಮಾರನ ಗಡಿಗೆಗೆ ಕೈ ಹಚ್ಚಿದ. ಮುಖ ಕಿವುಚಿತು. “ತಣ್ಣಗೈತ್ರೀ,” ಎಂದ. ಹೂವಿನವಳ ಚರಿಗೆ ಮುಟ್ಟಿ ಬೆರಳನ್ನು ಧೋತರದಲ್ಲಿ ಒತ್ತಿಕೊಂಡು, “ಇದೂ ತಣ್ಣಗೈತ್ರೀ,” ಎಂದ. ಹಬೆಯ ನಡುವೆ ಅವನ ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ. ಮಾಸ್ತರರ ಟೋಪಿ ಎತ್ತಿ, ಬೆರಳು ಅದ್ದಿ, ಕಣ್ಣಲ್ಲಿ ನೀರು ತಂದುಕೊಂಡು, “ಐಸ್ ಇದ್ದಂಗೈತ್ರೀ ಗೌಡ್ರ,” ಎಂದ.

“ಮತ್ತ ಆ ಹಬಿ ಏನೋ?”

“ಮುಂಜಾನಿ ಇಬ್ಬನಿ ಇರಬಕ್ರಿ.”

ನಗಬಾರದ ಹೊತ್ತಿನಲ್ಲಿ ಯಾರೋ ನಕ್ಕರು. ಆಗ ಕಮ್ಮಾರ ಕೈ ಮುಗಿದು ನಿಂತ. “ಗೌಡ್ರ, ಬಿಸಿ ಆಗಿದ್ದು ಖರೆ. ಆದ್ರ ಬಾಳವ್ವನ ಸಲುವಾಗಿ ಅಲ್ರೀ. ಈ ಹೂವಿನಾಕಿ ಸಲುವಾಗಿ. ಅದಕ್ಕೇನು ಡಂಗುರ ಇಲ್ಲಲ್ರೀ?” ಗೌಡರ ಮುಖವೂ ಸ್ವಲ್ಪ ಸಡಿಲಾಯಿತು. ಅದು ಎಲ್ಲರಿಗೂ ಅನುಕೂಲದ ದಾರಿ. ಊರು ಉಳಿಯಿತು, ಗಡಿಗೆ ಉಳಿಯಿತು, ಬಾಳವ್ವ ಒಬ್ಬಳೇ ಗಂಟು ಎತ್ತಿಕೊಂಡು ಹೋದರೆ ಆಯಿತು. ಅವಳು ಎದ್ದೇಬಿಟ್ಟಿದ್ದಳು ಕೂಡ.

“ಕುಂದರು,” ಎಂದೆ ನಾನು. ನಂತರ ದುಂಡಪ್ಪನಿಗೆ, “ನಂದೊಂದು ಉಳೀತಲ್ಲೋ. ಮುಟ್ಟು.”

ಅವನು ಬಂದು ಬಗ್ಗಿ, “ಸುಮ್ನಿರು, ತಣ್ಣಗೈತಿ ಅಂತೀನಿ,” ಎಂದು ಪಿಸುಗುಟ್ಟಿದ.

“ಅನಬ್ಯಾಡ. ನಿನ್ನ ಪುಣ್ಯೇವು ನನಗ ಬ್ಯಾಡ.” ಎದ್ದು ನಿಂತೆ. “ಗೌಡ್ರ, ನನ್ನ ಕೆಟ್ಲಿ ಕುದಿಯಾಕ ಹತ್ತೇತಿ. ಬಾಳವ್ವನ ಸಲುವಾಗಿ ಕುದಿಯಾಕ ಹತ್ತೇತಿ. ಮತ್ತ್ಯಾರ ಸಲುವಾಗೂ ಅಲ್ಲ. ಅಕಿ ಹೋದ್ರ ನಾನೂ ಹೋಗ್ತೀನಿ. ಚಾ ಬೇಕಾದವರು ಈಗ ಕುಡೀರಿ, ನಾಳೆ ಅಂಗಡಿ ಇರೂದಿಲ್ಲ.”

ಗಡಿಗೆಗಳು ಕುದಿಯುತ್ತಲೇ ಇದ್ದವು. ಆಗ ಹಿಂದಿನಿಂದ ಮಾಸ್ತರರು ಕೆಮ್ಮಿದರು.

“ನಂದೂ ಅಕಿ ಸಲುವಾಗೇ,” ಎಂದರು. “ಆ ಸುಳ್ಳು ಅರ್ಥ ಹೇಳೂಮುಂದನ ಕುದೀತು. ಮರುಕ ಅಂದ್ರ ಅಪ್ಪಣಿ ಅಲ್ರಪಾ. ನಾ ನಿಮಗ ಮೊದಲ ಏನು ಹೇಳಿದ್ದೆ ಅದ ಖರೆ.” ಟೋಪಿ ಒದ್ದೆಯಾಗಿದ್ದರಿಂದ ಬರಿಯ ತಲೆಯಲ್ಲೇ ಬಂದು ನನ್ನ ಪಕ್ಕ ನಿಂತರು. ಹೂವಿನವಳು ಮೊದಲ ಸಲ ತಲೆ ಎತ್ತಿ ಬಾಳವ್ವನ ಮುಖ ನೋಡಿದಳು, ನೋಡಿದ್ದೇ ಅವಳ ಚರಿಗೆ ಉಕ್ಕಿ ನೆಲದ ಮೇಲೆ ಹರಿಯಿತು. “ನಂದೂ ಬರ್ಕೊಳ್ರಿ,” ಎಂದಳು. ಕಮ್ಮಾರ ತಲೆ ಕೆರೆದುಕೊಂಡು, “ಮೊದಲ ಆಕಿದು, ಆಮ್ಯಾಲ ಬಾಳವ್ವಂದು. ಎರಡೂ ಐತ್ರೀ,” ಎಂದ. ದುಂಡಪ್ಪ ಹಲಗೆಯನ್ನು ನೆಲಕ್ಕಿಟ್ಟು ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ನಮ್ಮ ಕಡೆಗೆ ಬಂದ.

ಗೌಡರು ಎದ್ದು ನಿಂತರು. “ಹಂಗಾರ ಎಲ್ಲಾರೂ ಹೊಂಡ್ರಿ. ಎಲ್ಲಾರೂ ಊರು ಬಿಡ್ರಿ.”

“ಬಿಡ್ತೀವ್ರೀ,” ಎಂದೆ. “ನಾವೆಲ್ಲಾರೂ ಯಾವ ಮರದ ಬುಡಕ ಹೋಗಿ ಕುಂದರ್ತೀವೋ ಅದ ಊರು. ನೀವು ಇಲ್ಲೆ ಇರ್ರಿ. ತೂಬಿನ ಕೀಲಿ ನಿಮ್ಮ ಹಂತ್ಯಾಕ ಐತಿ. ನೀರಿಗೇನೂ ಕಡಿಮಿ ಇಲ್ಲ. ಕಾಯಿಸಿಕೊಳ್ಳೂದಷ್ಟ ನೋಡ್ಕೊಳ್ರಿ.”

ಯಾರೂ ಎದ್ದು ಹೋಗಲಿಲ್ಲ, ಯಾರೂ ಗೌಡರ ಕಡೆ ನೋಡಲೂ ಇಲ್ಲ. ನಾನು ಕೂತು ಚಾ ಸೋಸಿ ಮೊದಲ ಬಸಿ ಬಾಳವ್ವನ ಕೈಗಿಟ್ಟೆ. ಅವಳು ಅದನ್ನು ಹಿಡಿದುಕೊಂಡಳು, ಕುಡಿಯಲಿಲ್ಲ. ಮೆಟ್ಟಿಲ ಕಡೆ ತಿರುಗಿದಳು.

“ಗೌಡ್ರ, ಅವ್ವಾರು ಏನು ಉಂಡ್ರು?”

“ಯಾರು?”

“ನಿಮ್ಮವ್ವಾರ್ರಿ. ಇಷ್ಟು ದಿನ ಏನು ಉಂಡ್ರು?”

“ಅವಲಕ್ಕಿ,” ಎಂದರು ಗೌಡರು.

“ಅವರಿಗೆ ಹಲ್ಲಿಲ್ಲಲ್ರೀ.”

ಇಷ್ಟೇ ಮಾತು. ಬಾಳವ್ವ ಬಸಿ ತುಟಿಗಿಟ್ಟಳು, ಮಿಕ್ಕವರಿಗೆಲ್ಲ ನಾನು ಚಾ ಹಂಚಿದೆ, ಜನ ಗಡಿಗೆಯ ಬಿಸಿನೀರನ್ನು ಯಾಕೆ ದಂಡ ಮಾಡಬೇಕೆಂದು ಮನೆಯಿಂದ ಅಕ್ಕಿ ತರಿಸಲು ಕೂಗತೊಡಗಿದರು. ಆ ಗದ್ದಲದಲ್ಲಿ ಗೌಡರನ್ನು ನೋಡಿದವಳು ನಾನೊಬ್ಬಳೇ. ಗಾದಿಯ ಮೇಲೆ ಮತ್ತೆ ಕೂತಿದ್ದರು. ಯಾರೂ ನೋಡುತ್ತಿಲ್ಲ ಎಂದುಕೊಂಡು ತಮ್ಮ ತಾಮ್ರದ ಕೊಡದ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದರು. ಆಮೇಲೆ ತಣ್ಣಗಾದ ಕೈಯನ್ನು ಶಾಲಿನೊಳಗೆ ಎಳೆದುಕೊಂಡರು.

ಬರಿದಾಗಿದೆ ಎಂದುಕೊಂಡಿದ್ದ ನನ್ನ ಕೆಟ್ಲಿಯ ತಳದಲ್ಲಿ ಉಳಿದ ಒಂದು ಗುಟುಕು ಸುಯ್ಯೆಂದಿತು. ನಾನು ಹಲ್ಲು ಕಚ್ಚಿ ಅದನ್ನು ಬೈದೆ. ಅದು ಯಾವತ್ತು ನನ್ನ ಮಾತು ಕೇಳಿದೆ? ಆ ಗುಟುಕನ್ನು ಬಸಿಗೆ ಬಗ್ಗಿಸಿ ಗೌಡರಿಗೆಂದು ಚಾವಡಿಯ ಕೆಳಗಿನ ಮೆಟ್ಟಿಲ ಮೇಲೆ ಇಟ್ಟು, ಬಾಳವ್ವನ ಗಂಟನ್ನು ನಾನೇ ಎತ್ತಿಕೊಂಡು, ಅವಳ ಜೊತೆ ನಮ್ಮ ಓಣಿಗೇ ಅಂಗಡಿ ತೆರೆಯಲು ಹೊರಟೆ.